ತಾಮ್ರದ ನಾಣ್ಯದ ಹೊಳಪನ್ನು ಪರೀಕ್ಷಿಸುವ ಬಗೆ

ಕೇಳುಗರಿಗೆ ನಮಸ್ಕಾರ.

ಹಳೆಯ ತಾಮ್ರದ ನಾಣ್ಯವೊಂದು ಥಳಥಳಿಸುತ್ತಿದ್ದರೆ ಕೊಳ್ಳುವವರ ಮನಸ್ಸು ಅದರತ್ತ ವಾಲುವುದು ಸಹಜ. ಆದರೆ ಸಂಗ್ರಾಹಕರು ಮೊದಲು ಅನುಮಾನಿಸಬೇಕಾದದ್ದು ಆ ಹೊಳಪನ್ನೇ. ಗಾಳಿ ಮತ್ತು ತೇವ ತಾಗಿದ ತಾಮ್ರದ ಮೇಲೆ ಕೆಂಗಂದು ಬಣ್ಣದ ಆಕ್ಸೈಡ್ ಪದರ ಕಟ್ಟಿ, ವರ್ಷಗಳು ಕಳೆದಂತೆ ಗಾಢವಾಗುತ್ತದೆ. ಇದು ಕೊಳೆಯಲ್ಲ, ಒಳಗಿನ ಲೋಹವನ್ನು ಕಾಯುವ ಹೊದಿಕೆ. ನಿಂಬೆರಸದಂಥ ಆಮ್ಲ ತಾಗಿದರೆ ಈ ಪದರ ಕರಗಿ, ನಾಣ್ಯವು ಕಳೆಯಿಲ್ಲದ ಗುಲಾಬಿ ಛಾಯೆಗೆ ತಿರುಗುತ್ತದೆ.

ಎಷ್ಟು ಹೊಳಪಿದೆ ಎಂಬುದಕ್ಕಿಂತ ಎಲ್ಲಿ ಹೊಳಪಿದೆ ಎಂಬುದು ಮುಖ್ಯ. ಚಲಾವಣೆಯಲ್ಲಿದ್ದ ನಾಣ್ಯದ ಉಬ್ಬಿದ ಭಾಗಗಳು ಕೈಯಿಂದ ಕೈಗೆ ಸಾಗುತ್ತಾ ಮೊದಲು ಕಂದಾಗುತ್ತವೆ. ಟಂಕಸಾಲೆಯ ಮೂಲ ಕೆಂಪು ಉಳಿದಿದ್ದರೆ ಅದು ಅಕ್ಷರಗಳ ಸಂದಿಯಂಥ ಮರೆಯ ಜಾಗಗಳಲ್ಲಿ ಉಳಿದಿರುತ್ತದೆ. ಉಜ್ಜಿದ ನಾಣ್ಯದಲ್ಲಿ ಇದು ತಲೆಕೆಳಗು: ಬಟ್ಟೆ ತಲುಪಿದ ಕಡೆಯೆಲ್ಲ ಬೆಳಗಿ, ಸಂದಿಗಳಲ್ಲಿ ಕಪ್ಪು ಉಳಿದಿರುತ್ತದೆ. ಮುಖಚಿತ್ರದ ಕೆನ್ನೆ, ಕೂದಲು ಸವೆದಿದ್ದರೂ ನಾಣ್ಯವೆಲ್ಲ ಹೊಸದರಂತೆ ಕೆಂಪಾಗಿದ್ದರೆ, ನನ್ನ ಮಟ್ಟಿಗೆ ಬೇರೆ ಸಾಕ್ಷಿಯೇ ಬೇಕಿಲ್ಲ. ಸವೆತವೂ ಮೂಲ ಹೊಳಪೂ ಒಂದೇ ಜಾಗದಲ್ಲಿ ಇರಲಾರವು.

ಇನ್ನು ಒಂಟಿ ದೀಪದ ಕೆಳಗೆ ನಾಣ್ಯವನ್ನು ಅಂಚಿನಲ್ಲಿ ಹಿಡಿದು ನಿಧಾನವಾಗಿ ವಾಲಿಸಿ ನೋಡಬೇಕು. ಅಚ್ಚಿನ ಒತ್ತಡಕ್ಕೆ ಲೋಹ ಹರಡಿದಾಗ ಕೇಂದ್ರದಿಂದ ಅಂಚಿನತ್ತ ಸೂಕ್ಷ್ಮ ಗೆರೆಗಳು ಮೂಡಿರುತ್ತವೆ. ಅವು ಹಾಳಾಗದಿದ್ದರೆ ಬೆಳಕಿನ ಪಟ್ಟಿಯೊಂದು ಗಾಲಿಯ ಕಡ್ಡಿಗಳಂತೆ ಮೇಲ್ಮೈಯಲ್ಲಿ ಸುತ್ತುತ್ತದೆ. ಆಮ್ಲವೋ ಉಜ್ಜುವಿಕೆಯೋ ಆ ಗೆರೆಗಳನ್ನು ತಿಂದುಹಾಕಿದ್ದರೆ ಬೆಳಕು ಕದಲದೆ ಸಪ್ಪೆಯಾಗಿ ನಿಲ್ಲುತ್ತದೆ.

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿಗೋ ವೃತ್ತಾಕಾರದಲ್ಲೋ ಗುಂಪಾಗಿ ಕಂಡರೆ ಉಜ್ಜಿರುವುದು ಬಹುತೇಕ ಖಚಿತ. ಇಲ್ಲಿ ಅವಸರದ ತೀರ್ಪು ಬೇಡ, ಏಕೆಂದರೆ ಅಚ್ಚನ್ನೇ ಉಜ್ಜಿ ನಯಗೊಳಿಸಿದಾಗಲೂ ನಾಣ್ಯದ ಮೇಲೆ ಗೆರೆಗಳು ಬರುತ್ತವೆ. ಅಂಥ ಗೆರೆಗಳು ಉಬ್ಬಿರುತ್ತವೆ ಮತ್ತು ಅಕ್ಷರದ ಬುಡಕ್ಕೆ ಬಂದು ನಿಲ್ಲುತ್ತವೆ. ಬಟ್ಟೆಯ ಗೀರುಗಳಾದರೋ ಲೋಹದೊಳಕ್ಕೆ ಇಳಿದಿದ್ದು, ಅಕ್ಷರದ ಮೇಲೂ ಹಾಯ್ದು ಆಚೆಗೆ ಸಾಗುತ್ತವೆ.

ಉಜ್ಜಿದ ನಾಣ್ಯಕ್ಕೆ ಗಂಧಕ ಹಚ್ಚಿ ಮತ್ತೆ ಕಂದು ಬಣ್ಣ ಬರಿಸುವವರೂ ಇದ್ದಾರೆ. ಅಂಥ ಬಣ್ಣ ಸಾಮಾನ್ಯವಾಗಿ ಏರಿಳಿತವಿಲ್ಲದೆ ಒಂದೇ ಸಮನಾಗಿ ಕೂತಿರುತ್ತದೆ. ಅದರಡಿಯ ಗೀರುಗಳು ಮಾತ್ರ ಮಾಯವಾಗುವುದಿಲ್ಲ. ದೀಪದ ಬೆಳಕು ಓರೆಯಾಗಿ ಬಿದ್ದ ಕೂಡಲೇ ಎದ್ದು ಕಾಣುತ್ತವೆ.