ಪಿಂಕ್ ಫ್ಲಾಯ್ಡ್: ಹಾಡಲ್ಲ, ಆಲ್ಬಮ್ ಕೇಳಿ

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್ ಬಗ್ಗೆ.

'ಪಿಂಕ್ ಫ್ಲಾಯ್ಡ್ ಕೇಳಬೇಕು ಅಂತ ಆಸೆ ಇದೆ, ಎಲ್ಲಿಂದ ಶುರು ಮಾಡಲಿ?' ಅಂತ ಆಗಾಗ ಯಾರಾದರೂ ನನ್ನನ್ನು ಕೇಳುತ್ತಾರೆ. ಹೆಚ್ಚಾಗಿ ಕಾಲೇಜು ಮಕ್ಕಳು. ಅವರ ಮೊಬೈಲಿನಲ್ಲಿ ಒಂದೆರಡು ಹಾಡು ಆಗಲೇ ಇರುತ್ತವೆ. ಮಕ್ಕಳೆಲ್ಲ ಸೇರಿ 'ಪಾಠ ಬೇಡ' ಅಂತ ಕೂಗುವ ಹಾಡಂತೂ ಇದ್ದೇ ಇರುತ್ತದೆ. ಅವರಿಗೆ ಹೇಳುವ ಮಾತನ್ನೇ ನಿಮಗೂ ಹೇಳುತ್ತೇನೆ. ಬಿಡಿ ಹಾಡು ಕೇಳಬೇಡಿ, ಇಡೀ ಆಲ್ಬಮ್ ಕೇಳಿ. ಬ್ಯಾಂಡಿನವರು ಜೋಡಿಸಿದ ಕ್ರಮದಲ್ಲೇ, ಒಂದೇ ಸಲ ಕೂತು, ನಡುವೆ ಎದ್ದುಹೋಗದೆ.

ಯಾಕೆ ಅಂದರೆ ಇವರು ಕಟ್ಟಿದ್ದೇ ಹಾಗೆ. ರೋಜರ್ ವಾಟರ್ಸ್, ನಿಕ್ ಮೇಸನ್, ರಿಚರ್ಡ್ ರೈಟ್ ಮೂವರೂ ಲಂಡನ್ನಿನಲ್ಲಿ ಆರ್ಕಿಟೆಕ್ಚರ್ ಓದಲು ಸೇರಿದ್ದವರು. ಚಿತ್ರಕಲೆ ಓದುತ್ತಿದ್ದ ಸಿಡ್ ಬ್ಯಾರೆಟ್ ಜೊತೆಗೂಡಿ 1965ರಲ್ಲಿ ಪಿಂಕ್ ಫ್ಲಾಯ್ಡ್ ಆಯಿತು. 1968ರಲ್ಲಿ ಸಿಡ್ ಹೊರಗೆ ಹೋದರು, ಗಿಟಾರ್ ಹಿಡಿದು ಡೇವಿಡ್ ಗಿಲ್ಮೋರ್ ಬಂದರು. ಕಟ್ಟಡ ಕಟ್ಟಬೇಕಾದವರು ಆಲ್ಬಮ್ ಕಟ್ಟಿದರು, ಅಷ್ಟೇ.

1973ರ 'ದ ಡಾರ್ಕ್ ಸೈಡ್ ಆಫ್ ದ ಮೂನ್' ತೆಗೆದುಕೊಳ್ಳಿ. ಆಗ ಆಲ್ಬಮ್ ಬರುತ್ತಿದ್ದದ್ದು ಎರಡು ಬದಿಯ ರೆಕಾರ್ಡ್ ತಟ್ಟೆಯಲ್ಲಿ. ಅದರ ಮೊದಲ ಬದಿಯ ಕೊನೆಗೆ ಒಂದು ಹೆಣ್ಣುದನಿ ಬರುತ್ತದೆ. ಒಂದೇ ಒಂದು ಪದವಿಲ್ಲ. ನಿಮಿಷಗಟ್ಟಲೆ ಬರೀ ಕೂಗು, ನರಳಿಕೆ, ಆಮೇಲೆ ಸಮಾಧಾನ. ಈ ಕಥೆ ಹೇಳದೆ ನಾನು ಮುಂದೆ ಹೋಗುವವನಲ್ಲ.

1973ರ ಜನವರಿ. ಆಲ್ಬಮ್ ಬಹುಪಾಲು ಮುಗಿದಿದೆ. ರಿಚರ್ಡ್ ರೈಟ್ ಪಿಯಾನೋದಲ್ಲಿ ಮಾಡಿದ ಒಂದು ರಚನೆ ಇದೆ, ಅದರ ಮೇಲೆ ಏನು ಬರಬೇಕು ಅಂತ ಯಾರಿಗೂ ಹೊಳೆಯುತ್ತಿಲ್ಲ. ಸೌಂಡ್ ಎಂಜಿನಿಯರ್ ಆಲನ್ ಪಾರ್ಸನ್ಸ್ ಒಂದು ಹೆಸರು ಹೇಳಿದರು: ಕ್ಲೇರ್ ಟೋರಿ. ಇಪ್ಪತ್ತೈದು ವರ್ಷ, ಸ್ಟುಡಿಯೋಗಳಲ್ಲಿ ಹಾಡಿ ದುಡಿಯುವ ಹುಡುಗಿ. ಶನಿವಾರ ಬನ್ನಿ ಅಂದರೆ ಆಕೆ ಆಗಲ್ಲ ಅಂದರು, ಅವತ್ತು ಅಮೆರಿಕದ ರಾಕ್ ಗಾಯಕ ಚಕ್ ಬೆರಿ ಕಾರ್ಯಕ್ರಮಕ್ಕೆ ಟಿಕೆಟ್ ತಗೊಂಡಿದ್ದರು! ಪಿಂಕ್ ಫ್ಲಾಯ್ಡ್ ಅಂದರೆ ಆಕೆಗೆ ಅಂಥ ಮೋಹವೇನೂ ಇರಲಿಲ್ಲ. ಸರಿ, ಭಾನುವಾರ ಸಂಜೆ ಆ್ಯಬಿ ರೋಡ್ ಸ್ಟುಡಿಯೋಗೆ ಬಂದರು. ಇವರು ಹೇಳಿದ್ದು ಇಷ್ಟೇ: ವಿಷಯ ಸಾವು, ಸಾಹಿತ್ಯ ಇಲ್ಲ, ಹಾಡಿ. ಪಾಪ, ಆಕೆ ಅಭ್ಯಾಸಬಲದಿಂದ 'ಬೇಬಿ, ಬೇಬಿ' ಅಂತ ಶುರು ಮಾಡಿದರು. ಪದ ಬೇಡಮ್ಮ ಅಂದರು ಇವರು. ಆಗ ಆಕೆ ಯೋಚಿಸಿದರು, ನಾನೇ ಒಂದು ವಾದ್ಯ ಅಂದುಕೊಂಡುಬಿಡುತ್ತೇನೆ ಅಂತ. ಆಲಾಪ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಲವೇ ಸಲ ಹಾಡಿ, 30 ಪೌಂಡ್ ತಗೊಂಡು ಮನೆಗೆ ಹೋದರು. ಇದನ್ನು ಇವರು ಬಳಸುವುದೇ ಇಲ್ಲ ಅಂತ ಆಕೆಗೆ ಅನಿಸಿತ್ತು. ಆಲ್ಬಮ್ ಬಂದ ಮೇಲೆ ಅಂಗಡಿಯಲ್ಲಿ ನೋಡುತ್ತಾರೆ, ಅದರಲ್ಲಿ ತನ್ನ ಹೆಸರು! ಗಾಯಕಿ ಅಂತ ಮಾತ್ರ. ರಚನೆಯಲ್ಲೂ ಪಾಲು ಬೇಕು ಅಂತ 2004ರಲ್ಲಿ ನ್ಯಾಯಾಲಯಕ್ಕೆ ಹೋದರು. ಮರುವರ್ಷ ರಾಜಿ ಆಯಿತು. ಈಗ ಆ ರಚನೆಗೆ ಇಬ್ಬರ ಹೆಸರು, ರೈಟ್ ಮತ್ತು ಟೋರಿ.

ಈ ತುಣುಕನ್ನು ಮಾತ್ರ ಕತ್ತರಿಸಿ ಕೇಳಿದರೆ ಏನಿದೆ? ಯಾರೋ ಕಿರುಚುತ್ತಿದ್ದಾರೆ. ಅದಕ್ಕೆ ಮೊದಲು ಗಡಿಯಾರಗಳೆಲ್ಲ ಒಟ್ಟಿಗೆ ಹೊಡೆದುಕೊಳ್ಳಬೇಕು, ಆಯಸ್ಸು ಹೇಗೆ ಸೋರಿಹೋಯಿತು ಅನ್ನುವ ಹಾಡು ಮುಗಿಯಬೇಕು, ಆಮೇಲೆ ಆ ದನಿ ಬರಬೇಕು. ಅದು ತಣ್ಣಗಾದ ಮೇಲೆ ಬದಿ ತಿರುಗಿಸಿದರೆ ಕೇಳುವುದು ಚಿಲ್ಲರೆ ಕಾಸಿನ ಸದ್ದು! ಸಾವಿನ ಪಕ್ಕದಲ್ಲೇ ದುಡ್ಡು. ಬೇಕೆಂದೇ ಇಟ್ಟದ್ದು. ಹಾಡುಗಳ ಕ್ರಮ ಕಲಸಿಬಿಡುವ ಷಫಲ್ ಒತ್ತಿದಿರೋ, ಇದೆಲ್ಲ ಹೋಯಿತು. ದಯವಿಟ್ಟು ಅದನ್ನು ಆಫ್ ಮಾಡಿ ಸ್ವಾಮಿ.

ಇನ್ನು ಮೂರೇ ನಿಮಿಷ ಇದೆಯಂತೆ, ಉಳಿದದ್ದನ್ನು ಓಡಿಸುತ್ತೇನೆ. ಆರಂಭಕ್ಕೆ 1971ರ 'ಮೆಡಲ್'. ಅದರ ಎರಡನೇ ಬದಿ ಪೂರ್ತಿ ಒಂದೇ ರಚನೆ, 'ಎಕೋಸ್', 23 ನಿಮಿಷ. ಅದನ್ನು ಕೂತು ಕೇಳಿದವರಿಗೆ ಮುಂದಿನದೆಲ್ಲ ಸಲೀಸು. ನಂತರ ಈಗ ಹೇಳಿದ 1973ರದ್ದು. ಆಮೇಲೆ 1975ರ 'ವಿಶ್ ಯೂ ವರ್ ಹಿಯರ್'. ಸಿಡ್ ಬ್ಯಾರೆಟ್ ನೆನಪಿನಲ್ಲಿ ಮಾಡಿದ ದೀರ್ಘ ರಚನೆಯನ್ನು ಎರಡು ತುಂಡು ಮಾಡಿ, ಒಂದನ್ನು ಮೊದಲಿಗೆ, ಇನ್ನೊಂದನ್ನು ಕೊನೆಗೆ ಇಟ್ಟಿದ್ದಾರೆ. ನಡುವೆ ಇರುವ ಮೂರು ಹಾಡಷ್ಟನ್ನೇ ಕೇಳುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಅದರ ಕೆಲಸ ನಡೆಯುತ್ತಿದ್ದಾಗ ಸಿಡ್ ಸ್ಟುಡಿಯೋಗೆ ಬಂದರು, ತಲೆ, ಹುಬ್ಬು ಬೋಳಿಸಿಕೊಂಡು. ಹಳೇ ಗೆಳೆಯರಿಗೇ ತಕ್ಷಣ ಗುರುತು ಸಿಗಲಿಲ್ಲ. ಅದೂ ದೊಡ್ಡ ಕಥೆ, ಈಗ ಹೊತ್ತಿಲ್ಲ.

1977ರ 'ಆ್ಯನಿಮಲ್ಸ್' ಸಿಟ್ಟಿನ ಆಲ್ಬಮ್, ಗಟ್ಟಿ ಕಿವಿ ಬೇಕು. 1979ರ 'ದ ವಾಲ್' ಎರಡು ಡಿಸ್ಕಿನದು, ರಜಾದಿನಕ್ಕೆ ಇಟ್ಟುಕೊಳ್ಳಿ. 2002ರಲ್ಲಿ ರೋಜರ್ ವಾಟರ್ಸ್ ಬೆಂಗಳೂರಿನಲ್ಲೇ ಹಾಡಿಹೋದರು. ಅಲ್ಲಿ ಇದ್ದವರು ಯಾರಾದರೂ ಪರಿಚಯವಿದ್ದರೆ ವಿಚಾರಿಸಿ, ಬೇಡ ಅಂದರೂ ಹೇಳುತ್ತಾರೆ.

ಎಲ್ಲಾ ಆದ ಮೇಲೆ, ಕಟ್ಟಕಡೆಗೆ, 1967ರ ಮೊದಲ ಆಲ್ಬಮ್. ಅದು ಸಿಡ್ ಲೋಕ: ಬೆಕ್ಕು, ಬೆದರುಬೊಂಬೆ, ಸೈಕಲ್ಲು. ಸೈಕಲ್ ಹಾಡಿನ ಕೊನೆಯಲ್ಲಿ ಬಾತುಕೋಳಿ ಕೂಗಿದ ಹಾಗೆ ವಿಚಿತ್ರ ಸದ್ದು ಬರುತ್ತದೆ. ಸ್ಪೀಕರ್ ಕೆಟ್ಟಿತು ಅಂತ ರಿಪೇರಿಗೆ ಒಯ್ಯಬೇಡಿ, ಅದು ಹಾಗೇ ಇರುವುದು. ನಮಸ್ಕಾರ.