ಟೆಸ್ಟ್ ಟ್ಯೂಬಲ್ಲಿ ರೂಟ್ ಹುಡುಕ್ತೀರಾ?

ನಮಸ್ಕಾರ ಶಿವಮೊಗ್ಗದಿಂದ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಡೆಲಿವರಿ ರೂಟ್‌ಗೆ ಯಾಕ್ರೀ ಇಷ್ಟು ತಲೆಬಿಸಿ? ಡಿಎನ್‌ಎ ಕಂಪ್ಯೂಟರ್ ಬಂದರೆ ಚಿಟಿಕೆ ಹೊಡೆಯೋದರೊಳಗೆ ಉತ್ತರ." ಅದಕ್ಕೆ ಲೈಕ್ ಬೇರೆ!

ಚಿಟಿಕೆನಾ? ಡಿಎನ್‌ಎ ಕಂಪ್ಯೂಟರ್ ಅಂದರೆ ಚಿಪ್ ಬದಲು ಟ್ಯೂಬಲ್ಲಿ ಡಿಎನ್‌ಎ ತುಂಡುಗಳಿಂದ ಲೆಕ್ಕ ಬಿಡಿಸೋದು. 1994ರಲ್ಲಿ ಕಂಪ್ಯೂಟರ್ ವಿಜ್ಞಾನಿ ಲಿಯೊನಾರ್ಡ್ ಆಡಲ್‌ಮನ್ ಇದನ್ನು ಮಾಡಿ ತೋರಿಸಿದರು. ಸಂದೇಶ ಗುಟ್ಟಾಗಿಡುವ ಆರ್‌ಎಸ್‌ಎ ಗೂಢಲಿಪಿಯಲ್ಲಿರುವ 'ಎ' ಇವರೇ. ಇದ್ದದ್ದು ಏಳು ಊರು. ಗೊತ್ತು ಮಾಡಿದ ಒಂದು ಊರಲ್ಲಿ ಶುರುವಾಗಿ, ಇನ್ನೊಂದರಲ್ಲಿ ಮುಗಿದು, ಎಲ್ಲ ಊರಿಗೂ ಒಂದೊಂದೇ ಸಲ ಹೋಗುವ ದಾರಿ ಇದೆಯಾ ಅನ್ನೋದು ಪ್ರಶ್ನೆ. ಪ್ರತಿ ಊರಿಗೆ 20 ಅಕ್ಷರದ ಡಿಎನ್‌ಎ ತುಂಡು. ಒಂದು ಊರಿನ ಕೊನೆಯ 10 ಅಕ್ಷರ, ಮುಂದಿನದರ ಮೊದಲ 10 ಸೇರಿದರೆ ರಸ್ತೆ. ಕಲಸಿದರೆ ತುಂಡುಗಳು ತಾವೇ ಅಂಟಿಕೊಂಡು ದಾರಿಗಳಾಗುತ್ತವೆ. ಆಮೇಲೆ ಸೋಸುವ ಕೆಲಸ. ಶುರು, ಕೊನೆ ಸರಿ ಇದ್ದದ್ದನ್ನು ಪಿಸಿಆರ್‌ನಲ್ಲಿ, ಅಂದರೆ ಡಿಎನ್‌ಎ ನಕಲು ಮಾಡುವ ವಿಧಾನದಲ್ಲಿ, ಹೆಚ್ಚಿಸಬೇಕು. ಏಳು ಊರಿಗೆ ಇಪ್ಪತ್ತರಂತೆ 140 ಅಕ್ಷರ ಉದ್ದದ್ದನ್ನು, ಉದ್ದ ನೋಡಿ ವಿಂಗಡಿಸುವ ಜೆಲ್‌ನಲ್ಲಿ ಬೇರ್ಪಡಿಸಬೇಕು. ಒಂದೊಂದು ಊರೂ ಇದೆಯಾ ಅಂತ ಅಯಸ್ಕಾಂತದ ಮಣಿ ಹಾಕಿ ಹಿಡಿಯಬೇಕು. ಭಲೇ ತಲೆ, ಒಪ್ಪಿದೆ. ಆದರೆ ಲ್ಯಾಬ್ ಕೆಲಸಕ್ಕೆ ಏಳು ದಿನ ಹಿಡಿಯಿತು!

ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ರಿಪ್ಪನ್‌ಪೇಟೆ, ಸಾಗರ, ಸೊರಬ, ಶಿಕಾರಿಪುರ. ಇದೂ ಏಳೇ. ನಮ್ಮ ಯಾವ ಡ್ರೈವರ್ ಆದ್ರೂ ಟೀ ಆರುವುದರೊಳಗೆ ರೂಟ್ ಹೇಳುತ್ತಾನೆ. ಮಳೆಗಾಲದಲ್ಲಿ ಯಾವ ಘಾಟಿ ಬಂದ್ ಅನ್ನೋದನ್ನೂ ಸೇರಿಸಿ.

"ಕೋಟಿಗಟ್ಟಲೆ ದಾರಿ ಒಂದೇ ಸಲ ಪರೀಕ್ಷೆ ಆಗುತ್ತಲ್ವಾ ಸಾರ್?" ಆಗುತ್ತೆ ಮಾರಾಯ್ರೇ! ಆದರೆ ಪ್ರತಿ ದಾರಿಗೂ ಒಂದು ಅಣು ಬೇಕಲ್ವಾ? ಉಳಿಸಿದ ಹೊತ್ತಿಗೆಲ್ಲ ತೂಕದಲ್ಲಿ ಬೆಲೆ ಕೊಟ್ಟ ಹಾಗಾಯ್ತು. 1995ರಲ್ಲಿ ಕಂಪ್ಯೂಟರ್ ವಿಜ್ಞಾನಿ ಯೂರಿಸ್ ಹಾರ್ಟ್‌ಮನಿಸ್ ಲೆಕ್ಕ ಹಾಕಿದರು: ಇದೇ ವಿಧಾನದಲ್ಲಿ 200 ಊರಾದರೆ ಬೇಕಾಗುವ ಡಿಎನ್‌ಎ ಭೂಮಿಗಿಂತ ಭಾರ. ಭೂಮಿಗಿಂತ! ಇಡೋದೆಲ್ಲಿ, ಗಾಂಧಿ ಬಜಾರ್‌ನಲ್ಲಾ?

ಅಂದಹಾಗೆ, ಇನ್ನೂ ಸಬ್‌ಸ್ಕ್ರೈಬ್ ಆಗದವರು ಆಗಿ. ಪುಕ್ಕಟೆ.

"ಅದು ಹಳೇ ಕಥೆ" ಅಂತೀರಾ? 2002ರಲ್ಲಿ ಆಡಲ್‌ಮನ್ ತಂಡವೇ 20 ಚರಾಕ್ಷರಗಳ, ಅಂದರೆ ಒಂದೊಂದೂ ಹೌದಾ ಅಲ್ಲವಾ ಅಂತ ಹುಡುಕಬೇಕಾದ, ತರ್ಕದ ಲೆಕ್ಕ ಬಿಡಿಸಿತು. ಅದು ರೂಟ್ ಲೆಕ್ಕವೂ ಅಲ್ಲ. ಇತ್ತ 2006ರಲ್ಲಿ ಕಾಂಕಾರ್ಡ್ ಅನ್ನೋ ಪ್ರೋಗ್ರಾಂ, ಸಾದಾ ಸಿಲಿಕಾನ್ ಕಂಪ್ಯೂಟರ್‌ಗಳಲ್ಲೇ, 85,900 ಜಾಗಗಳ ಅತಿ ಚಿಕ್ಕ ಸುತ್ತು ಹುಡುಕಿತು. ತುಂಬಾ ಹೊತ್ತು ಹಿಡಿಯಿತು, ನಿಜ. ಭೂಮಿ ಕರಗಿಸಬೇಕಾಗಲಿಲ್ಲವಲ್ಲ!

ಡಿಎನ್‌ಎಯಲ್ಲಿ ಡೇಟಾ ಇಡಿ, ಬೇಡ ಅನ್ನಲ್ಲ. ರೂಟ್ ಮಾತ್ರ ಬೇಡ. ಯಾಕೆ ಅಂದ್ರೆ ತೂಕ. ಇನ್ನೂ ಯಾಕೆ ಅಂದ್ರೆ, ತೂಕ! ಇಷ್ಟಾದ ಮೇಲೂ ಅರ್ಥ ಆಗದಿದ್ದರೆ ಒಂದು ಟ್ಯೂಬ್ ಹಿಡಿದು ಆಗುಂಬೆ ಘಾಟಿ ಹತ್ತಿ ಸ್ವಾಮಿ, ನಾನು ಕೆಳಗೆ ಸೋಮೇಶ್ವರದಲ್ಲಿ ಕಾಫಿ ಕುಡೀತಿರ್ತೀನಿ. ಮುಂದಿನ ವಾರ ಅಡಿಕೆ ಕೊಳೆರೋಗ. ಅದಕ್ಕೂ ಯಾರಾದರೂ ಡಿಎನ್‌ಎ ಕಂಪ್ಯೂಟರ್ ಅಂದರೆ ಬ್ಲಾಕ್!