ಮುಂದಿನ ಎರಡು ಚಕ್ರ, ಎರಡು ಗೆರೆ

ಕೇಳುಗರೆ, ನಮಸ್ಕಾರ.

ನಿಮ್ಮ ಹತ್ತಿರ ಹಳೆಯ ಕಾರು ಇದ್ದರೆ ಇವತ್ತು ಸಂಜೆ ಒಂದು ಕೆಲಸ ಮಾಡಿ. ಮುಂದಿನ ಟೈರಿನ ಮೇಲೆ ಅಂಗೈ ಇಡಿ. ಹೊರಗಿನ ಅಂಚಿನಿಂದ ಒಳಗಿನ ಅಂಚಿಗೆ ನಿಧಾನವಾಗಿ ಸವರಿ. ಆಮೇಲೆ ಒಳಗಿನಿಂದ ಹೊರಕ್ಕೆ ಸವರಿ. ತೀರಾ ಸವೆದು ತಂತಿ ಹೊರಬಂದ ಟೈರಾದರೆ ಮಾತ್ರ ಕೈ ಹಾಕಬೇಡಿ, ಚುಚ್ಚುತ್ತದೆ. ಎರಡೂ ಕಡೆಗೆ ಒಂದೇ ಥರ ನುಣುಪಾಗಿದ್ದರೆ ಒಳ್ಳೆಯದು. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಲ್ಲಿನ ಹಾಗೆ ಒರಟು ಅನಿಸಿತೇ? ಹಾಗಿದ್ದರೆ ಆ ಚಕ್ರ ಉರುಳುವುದರ ಜೊತೆಗೆ ಪಕ್ಕಕ್ಕೂ ಉಜ್ಜಿಕೊಂಡು ಹೋಗುತ್ತಿದೆ. ಒಳಗಿನಿಂದ ಹೊರಕ್ಕೆ ಸವರುವಾಗ ಒರಟಾದರೆ ಟೋ-ಇನ್ ಜಾಸ್ತಿ ಇದೆ. ಹೊರಗಿನಿಂದ ಒಳಕ್ಕೆ ಬರುವಾಗ ಒರಟಾದರೆ ಟೋ-ಔಟ್ ಜಾಸ್ತಿ ಇದೆ.

ಈ ಟೋ ಅಂದರೇನು? ಕುಳಿತಲ್ಲೇ ನಿಮ್ಮ ಎರಡು ಪಾದಗಳನ್ನು ನೋಡಿಕೊಳ್ಳಿ. ಹೆಬ್ಬೆರಳುಗಳನ್ನು ಸ್ವಲ್ಪ ಹತ್ತಿರಕ್ಕೆ ತನ್ನಿ, ಹಿಮ್ಮಡಿ ದೂರ ಇರಲಿ. ಅದು ಟೋ-ಇನ್. ಹೆಬ್ಬೆರಳು ದೂರ, ಹಿಮ್ಮಡಿ ಹತ್ತಿರ ಆದರೆ ಟೋ-ಔಟ್. ಕಾರಿನ ಮುಂದಿನ ಎರಡು ಚಕ್ರಗಳೂ ಮೇಲಿನಿಂದ ನೋಡಿದಾಗ ಹೀಗೇ ನಿಂತಿರುತ್ತವೆ. ವ್ಯತ್ಯಾಸ ಕೆಲವೇ ಮಿಲಿಮೀಟರು. ಅದನ್ನು ಮನೆಯಲ್ಲೇ ಅಳೆದು ತಿದ್ದುವುದು ಹೇಗೆ ಅನ್ನುವುದೇ ಇವತ್ತಿನ ಮಾತು.

ಎಂಜಿನ್ ಹಿಂದಿನ ಚಕ್ರಗಳನ್ನು ತಿರುಗಿಸುವ ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಸ್ವಲ್ಪ ಟೋ-ಇನ್ ಇಟ್ಟಿರುತ್ತಾರೆ. ಕಾರು ಓಡುವಾಗ ರಸ್ತೆ ಮುಂದಿನ ಟೈರುಗಳನ್ನು ಹಿಂದಕ್ಕೆ ತಳ್ಳುತ್ತದೆ. ಆ ಒತ್ತಡಕ್ಕೆ ಕೀಲುಗಳಲ್ಲಿರುವ ಸಣ್ಣ ಸಡಿಲವೆಲ್ಲ ಒಂದು ಕಡೆಗೆ ಸೇರಿ, ಚಕ್ರಗಳ ಮೂತಿ ಹೊರಕ್ಕೆ ತೆರೆದುಕೊಳ್ಳುತ್ತದೆ. ನಿಂತಾಗ ಸ್ವಲ್ಪ ಒಳಕ್ಕೆ ನೋಡುತ್ತಿದ್ದ ಚಕ್ರಗಳು ಓಡುವಾಗ ನೇರವಾಗುತ್ತವೆ. 1948ರಲ್ಲಿ ಬಂದ ಮೋರಿಸ್ ಮೈನರ್‌ಗೆ 3/32 ಅಂಗುಲ ಟೋ-ಇನ್, ಅಂದರೆ ಸುಮಾರು 2.4 ಮಿಲಿಮೀಟರ್. 1959ರ ಮಿನಿಯಲ್ಲಿ ಎಂಜಿನ್ ಮುಂದಿನ ಚಕ್ರಗಳನ್ನೇ ತಿರುಗಿಸುತ್ತದೆ. ಅಲ್ಲಿ ಚಕ್ರಗಳೇ ಕಾರನ್ನು ಎಳೆಯುವುದರಿಂದ ಮೂತಿ ಒಳಕ್ಕೆ ಸೇರುತ್ತದೆ. ಹಾಗಾಗಿ ಅದಕ್ಕೆ 1/16 ಅಂಗುಲ ಟೋ-ಔಟ್. ಎರಡೂ ಕಾರುಗಳ ವಿನ್ಯಾಸದ ಹಿಂದೆ ಇದ್ದವರು ಅಲೆಕ್ ಇಸಿಗೊನಿಸ್. ಒಬ್ಬರೇ ವಿನ್ಯಾಸಕಾರರು, ಆದರೂ ಎರಡು ಕಾರಿಗೆ ಎರಡು ಲೆಕ್ಕ. ಅದಕ್ಕೇ ಬೇರೆ ಕಾರಿನ ಅಳತೆಯನ್ನು ನಿಮ್ಮ ಕಾರಿಗೆ ತರಬೇಡಿ. ನಿಮ್ಮ ಕಾರಿನ ಮ್ಯಾನ್ಯುಯಲ್ ತೆಗೆದು ನೋಡಿ.

ಇನ್ನೊಂದು ವಿಷಯ. ಹಳೆಯ ಮ್ಯಾನ್ಯುಯಲ್‌ಗಳ ಅಳತೆ ಅನೇಕ ಸಲ ಆ ಕಾಲದ ಕ್ರಾಸ್-ಪ್ಲೈ ಟೈರಿಗೆ, ಅಂದರೆ ಒಳಗಿನ ನೂಲಿನ ಪದರಗಳು ಓರೆಯಾಗಿ ಒಂದನ್ನೊಂದು ದಾಟುವ ಹಳೆಯ ಥರದ ಟೈರಿಗೆ, ಬರೆದದ್ದು. ಈಗಿನ ಕಾಲದ ರೇಡಿಯಲ್ ಟೈರು ಹಾಕಿದ್ದರೆ ಸಾಮಾನ್ಯವಾಗಿ ಕಡಿಮೆ ಟೋ-ಇನ್ ಸಾಕಾಗುತ್ತದೆ. ಮ್ಯಾನ್ಯುಯಲ್ ಇಷ್ಟರಿಂದ ಇಷ್ಟು ಅಂತ ಹೇಳಿದ್ದರೆ, ನಾನು ಕಡಿಮೆ ತುದಿಯಲ್ಲೇ ಇಡುತ್ತೇನೆ.

ಅಳೆಯುವ ಮೊದಲು ಒಂದು ಅನುಭವ ಹೇಳಬೇಕು. ಹಲವು ವರ್ಷಗಳ ಹಿಂದೆ ನನ್ನ ಕಾರು ಒಂದು ಕಡೆಗೆ ಎಳೆಯುತ್ತಿತ್ತು. ಹೊರಗೆ ಅಲೈನ್‌ಮೆಂಟ್ ಮಾಡಿಸಿಕೊಂಡು ಬಂದೆ. ಎರಡು ವಾರ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ. ಬೇಸರವಾಗಿ ನಾನೇ ಅಳೆದೆ. ಮೊದಲ ಸಲ 2 ಮಿಲಿಮೀಟರ್ ಬಂತು. ಕಾರನ್ನು ಸ್ವಲ್ಪ ಮುಂದಕ್ಕೆ ತಳ್ಳಿ ಮತ್ತೆ ಅಳೆದರೆ 5. ಮೂರನೇ ಸಲ 3. ಅಳತೆಗೋಲೇ ಸರಿಯಿಲ್ಲ ಅಂದುಕೊಂಡು ಇಡೀ ಮಧ್ಯಾಹ್ನ ಅದನ್ನೇ ತಿದ್ದಿದೆ. ಕೊನೆಗೆ ಕಾರಿನ ಕೆಳಗೆ ಮಲಗಿ, ಸ್ಟಿಯರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡಿನ ತುದಿಯನ್ನು ಬೆರಳುಗಳ ನಡುವೆ ಹಿಡಿದೆ. ಸ್ಟಿಯರಿಂಗ್ ಅಲ್ಲಾಡಿಸಲು ಹೇಳಿದೆ. ಕೀಲಿನ ಒಳಗೆ ಟಕ್ ಟಕ್ ಅನ್ನುವುದು ಬೆರಳಿಗೆ ಗೊತ್ತಾಯಿತು. ಅಳತೆಗೋಲು ಸರಿಯಾಗಿಯೇ ಹೇಳುತ್ತಿತ್ತು. ಆ ಚಕ್ರ ನಿಜಕ್ಕೂ ಮೂರು ಸಲ ಮೂರು ಕಡೆ ನಿಂತಿತ್ತು.

ಅದಕ್ಕೇ ಮೊದಲು ಸಡಿಲ ಹುಡುಕಿ. ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ ಇಡಿ. ಮುಂಭಾಗವನ್ನು ಜಾಕ್‌ನಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಆಡುತ್ತಿದ್ದರೆ ಯಾರಿಗಾದರೂ ಬ್ರೇಕ್ ತುಳಿಯಲು ಹೇಳಿ. ಆಟ ನಿಂತರೆ ಅದು ವೀಲ್ ಬೇರಿಂಗ್. ಆಗಲೂ ಆಡಿದರೆ ಕಿಂಗ್‌ಪಿನ್ ಅಥವಾ ಬಾಲ್ ಜಾಯಿಂಟ್, ಅಂದರೆ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಕೀಲು. ಈಗ ಎಡಗಡೆ ಒಂದು ಕೈ, ಬಲಗಡೆ ಒಂದು ಕೈ. ಬೇರಿಂಗ್ ಸರಿಯಿದ್ದೂ ಈ ಕಡೆಗೆ ಆಡಿದರೆ ಟೈ ರಾಡ್ ಎಂಡ್ ಅಥವಾ ಸ್ಟಿಯರಿಂಗ್ ಕಡೆಯ ಕೀಲು. ಸವೆದದ್ದನ್ನು ಬದಲಿಸದೆ ಅಳೆದರೆ ಸುಮ್ನೆ ಶ್ರಮ, ಅಷ್ಟೇ. ಟೈರುಗಳ ಗಾಳಿ ಎರಡೂ ಕಡೆ ಸಮ ಇರಲಿ.

ಈಗ ಇದರಲ್ಲಿ ನನಗೆ ತುಂಬಾ ಇಷ್ಟವಾದ ಭಾಗ. ಚಕ್ರ ಇನ್ನೂ ಗಾಳಿಯಲ್ಲೇ ಇದೆ. ಟೈರಿನ ನಡುವೆ ಸುತ್ತಲೂ ಸೀಮೆಸುಣ್ಣ ಉಜ್ಜಿ. ಒಂದು ಭಾರದ ಮರದ ತುಂಡಿಗೆ ಚೂಪಾದ ಮೊಳೆ ಹೊಡೆದು, ಮೊಳೆಯ ತುದಿ ಟೈರಿಗೆ ತಾಗುವ ಹಾಗೆ ನೆಲದ ಮೇಲೆ ಗಟ್ಟಿಯಾಗಿ ಇಡಿ. ಚಕ್ರವನ್ನು ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಬಿಳಿಯ ಮೇಲೆ ಕೂದಲಿನಷ್ಟು ಸಣ್ಣ ಗೆರೆ ಬೀಳುತ್ತದೆ.

ಈ ಗೆರೆ ಯಾಕೆ ಬೇಕು? ಹಳೆಯ ರಿಮ್ ಎಲ್ಲೋ ಗುಂಡಿಗೆ ಬಿದ್ದು ಸ್ವಲ್ಪ ಸೊಟ್ಟಗಾಗಿರಬಹುದು. ಟೈರಿನ ಪಕ್ಕೆಯೂ ಪೂರ್ತಿ ಸಮ ಇರುವುದಿಲ್ಲ. ಅವುಗಳಿಂದ ಅಳೆದರೆ ಆ ಸೊಟ್ಟೂ ಲೆಕ್ಕದಲ್ಲಿ ಸೇರಿಬಿಡುತ್ತದೆ. ಗೆರೆ ಹಾಗಲ್ಲ. ಚಕ್ರ ತಿರುಗಿದ್ದು ಬೇರಿಂಗ್ ಮೇಲೆ, ಮೊಳೆ ಕದಲಿಲ್ಲ. ಹಾಗಾಗಿ ರಿಮ್ ಸೊಟ್ಟಗಿದ್ದರೂ ಗೆರೆ ಮಾತ್ರ ಚಕ್ರ ತಿರುಗುವ ಅಚ್ಚಿಗೆ ಲಂಬವಾಗಿ ಬಿದ್ದಿರುತ್ತದೆ. ಗೆರೆಯ ಎರಡು ತುದಿ ಸರಿಯಾಗಿ ಕೂಡಿದವೇ ನೋಡಿ. ಕೂಡದಿದ್ದರೆ ಮರದ ತುಂಡು ಜರುಗಿದೆ, ಇನ್ನೊಮ್ಮೆ ಮಾಡಿ.

ಎರಡೂ ಚಕ್ರಕ್ಕೆ ಗೆರೆ ಎಳೆದು ಕಾರನ್ನು ಕೆಳಗಿಳಿಸಿ. ಇಳಿಸಿದ ತಕ್ಷಣ ಅಳೆಯಬೇಡಿ. ಎತ್ತಿದಾಗ ಕೆಳಗೆ ಜೋತುಬಿದ್ದ ಚಕ್ರಗಳು ಇಳಿಸಿದ ಮೇಲೆ ನೆಲವನ್ನು ಕಚ್ಚಿ ಅರ್ಧದಲ್ಲೇ ನಿಂತಿರುತ್ತವೆ. ಮುಂಭಾಗವನ್ನು ನಾಲ್ಕೈದು ಸಲ ಒತ್ತಿ ಬಿಡಿ. ಸ್ಟಿಯರಿಂಗ್ ನೇರ ಇಟ್ಟು ಕಾರನ್ನು ಎರಡು ಮೂರು ಮೀಟರ್ ಮುಂದಕ್ಕೆ ತಳ್ಳಿ. ಮುಂದಕ್ಕೇ ತಳ್ಳಬೇಕು. ಹಿಂದಕ್ಕೆ ತಳ್ಳಿದರೆ ಕೀಲುಗಳ ಸಡಿಲ ಉಲ್ಟಾ ಕಡೆಗೆ ಸೇರಿಕೊಂಡು ಅಳತೆ ತಪ್ಪುತ್ತದೆ. ಬ್ರೇಕ್ ಹಾಕದೆ ತಾನಾಗಿ ನಿಲ್ಲಲು ಬಿಡಿ.

ಇನ್ನು ಅಳತೆಗೋಲು. ಟೇಪ್ ಹಿಡಿದು ಮುಂದೆ ಒಂದು ಸಲ, ಹಿಂದೆ ಒಂದು ಸಲ ಅಳೆದರಾಯಿತು ಅಂತ ಅನಿಸುತ್ತದೆ, ಅಲ್ವಾ? ಆದರೆ ಚಕ್ರದ ಹಿಂದೆ ಎಂಜಿನ್ನಿನ ಸಂಪ್, ಅಂದರೆ ಅದರ ಕೆಳಗಿನ ಎಣ್ಣೆಯ ತೊಟ್ಟಿ, ಅಡ್ಡ ಬರುತ್ತದೆ. ಅದೂ ಅಲ್ಲದೆ, ಒಂದು ಮೀಟರಿಗಿಂತ ಉದ್ದದ ಟೇಪ್ ಗಾಳಿಯಲ್ಲಿ ಜೋತುಬಿದ್ದರೆ ಅರ್ಧ ಮಿಲಿಮೀಟರನ್ನು ನಂಬುವುದು ಹೇಗೆ? ಅದಕ್ಕೆ ಒಂದು ನೇರವಾದ ಮರದ ಪಟ್ಟಿ ತೆಗೆದುಕೊಳ್ಳಿ. ಎರಡು ಚಕ್ರಗಳ ಅಂತರಕ್ಕಿಂತ ಸ್ವಲ್ಪ ಉದ್ದ ಇರಲಿ. ಅದರ ಮೇಲೆ ಎರಡು ಗೂಟ ನಿಲ್ಲಿಸಿ, ಚಕ್ರದ ನಡುಮಧ್ಯದ ಎತ್ತರಕ್ಕೆ ಒಂದೊಂದು ಮೊಳೆ ಬರಲಿ. ಒಂದು ಗೂಟ ಗಟ್ಟಿ ಇರಲಿ, ಇನ್ನೊಂದನ್ನು ಜರುಗಿಸಿ ಬಿಗಿಯುವ ಹಾಗಿರಲಿ. ಪಟ್ಟಿ ನೆಲದ ಮೇಲೆ ಮಲಗಿರುವುದರಿಂದ ಸಂಪ್ ಅಡ್ಡ ಬರುವುದಿಲ್ಲ.

ಇದನ್ನು ಮೊದಲು ಚಕ್ರಗಳ ಹಿಂದೆ ಇಟ್ಟು, ಎರಡು ಮೊಳೆಗಳನ್ನು ಎರಡು ಗೆರೆಗೆ ಸರಿಯಾಗಿ ಕೂಡಿಸಿ ಬಿಗಿಯಿರಿ. ಹಾಗೇ ಹುಷಾರಾಗಿ ಹೊರತೆಗೆದು ಮುಂದೆ ತನ್ನಿ. ಒಂದು ಮೊಳೆಯನ್ನು ಒಂದು ಗೆರೆಗೆ ಕೂಡಿಸಿ. ಇನ್ನೊಂದು ಮೊಳೆ ತನ್ನ ಗೆರೆಯಿಂದ ಎಷ್ಟು ದೂರ ನಿಂತಿತು? ಅದೇ ನಿಮ್ಮ ಟೋ. ಮೊಳೆ ಗೆರೆಗಿಂತ ಹೊರಗೆ ನಿಂತರೆ ಟೋ-ಇನ್, ಒಳಗೆ ನಿಂತರೆ ಟೋ-ಔಟ್. ಚಕ್ರಗಳ ನಡುವೆ ಒಟ್ಟು ಎಷ್ಟು ದೂರ ಅಂತ ನೀವು ಅಳೆಯಲೇ ಇಲ್ಲ ನೋಡಿ. ಬೇಕಾಗಿದ್ದ ಆ 2 ಮಿಲಿಮೀಟರನ್ನು ಮಾತ್ರ ಅಳೆದಿರಿ. ಅದಕ್ಕೆ ಸಾಮಾನ್ಯ ಸ್ಕೇಲ್ ಸಾಕು. ಕಾರನ್ನು ಮತ್ತೆ ಮುಂದಕ್ಕೆ ತಳ್ಳಿ ಇನ್ನೆರಡು ಸಲ ಅಳೆಯಿರಿ. ಮೂರೂ ಅರ್ಧ ಮಿಲಿಮೀಟರ್ ಒಳಗೆ ಬಂದರೆ ನಂಬಬಹುದು.

ಒಂದು ಕಡೆ ಜನ ಎಡವುತ್ತಾರೆ. ಮ್ಯಾನ್ಯುಯಲ್ ಹೇಳುವ ಅಳತೆ ಟೈರಿನ ಮೇಲಿನದೋ, ರಿಮ್ಮಿನ ಅಂಚಿನದೋ ನೋಡಿಕೊಳ್ಳಿ. ಎರಡು ಚಕ್ರಗಳ ನಡುವಿನ ಕೋನ 1 ಡಿಗ್ರಿ ಇದ್ದರೆ, 600 ಮಿಲಿಮೀಟರ್ ವ್ಯಾಸದ ಟೈರಿನಲ್ಲಿ ಅದು ಸುಮಾರು 10.5 ಮಿಲಿಮೀಟರ್. 400 ಮಿಲಿಮೀಟರ್ ವ್ಯಾಸದ ರಿಮ್ಮಿನಲ್ಲಿ ಅದೇ ಕೋನ 7 ಮಿಲಿಮೀಟರ್ ಮಾತ್ರ. ಗೆರೆ ಇರುವುದು ಟೈರಿನ ಮೇಲೆ. ರಿಮ್ಮಿನ ಅಳತೆ ಕೊಟ್ಟಿದ್ದರೆ ಇದೇ ಲೆಕ್ಕದಲ್ಲಿ ಹೆಚ್ಚಿಸಿಕೊಳ್ಳಿ.

ಟೋ ತಿದ್ದುವ ಮೊದಲು ಇನ್ನೆರಡು ಕೋನ ನೋಡಬೇಕು. ಅವು ಬದಲಾದರೆ ಟೋ ಕೂಡ ಬದಲಾಗುತ್ತದೆ. ಕ್ಯಾಂಬರ್ ಅಂದರೆ ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದು. ಅನೇಕ ಹಳೆಯ ಕಾರುಗಳಲ್ಲಿ ಮೇಲಿನ ಭಾಗ ಸ್ವಲ್ಪ ಹೊರಕ್ಕೆ ವಾಲಿರುತ್ತದೆ, ಅದರಿಂದ ಸ್ಟಿಯರಿಂಗ್ ಹಗುರವಾಗುತ್ತದೆ. ಇದನ್ನು ನೋಡಲು ಚಕ್ರದ ಪಕ್ಕ ತೂಕದ ಗುಂಡು ಕಟ್ಟಿದ ದಾರ ಇಳಿಬಿಡಿ. ದಾರದಿಂದ ರಿಮ್ಮಿನ ಮೇಲಂಚಿಗೆ ಎಷ್ಟು, ಕೆಳ ಅಂಚಿಗೆ ಎಷ್ಟು ಅಂತ ಅಳೆಯಿರಿ. 400 ಮಿಲಿಮೀಟರ್ ಎತ್ತರದಲ್ಲಿ 7 ಮಿಲಿಮೀಟರ್ ವ್ಯತ್ಯಾಸ ಬಂದರೆ ಅದು 1 ಡಿಗ್ರಿ. ಚಕ್ರ ಅರ್ಧ ಸುತ್ತು ತಿರುಗುವಷ್ಟು ಕಾರನ್ನು ತಳ್ಳಿ ಮತ್ತೆ ಅಳೆದು ಸರಾಸರಿ ತೆಗೆಯಿರಿ, ಇಲ್ಲಿ ರಿಮ್ಮಿನ ಸೊಟ್ಟು ಕಾಡುತ್ತದೆ. ನೆಲವೂ ಕಾಡುತ್ತದೆ. ಎಡ ಬಲ ಚಕ್ರದ ಕೆಳಗಿನ ನೆಲದಲ್ಲಿ 5 ಮಿಲಿಮೀಟರ್ ಏರುಪೇರು ಇದ್ದರೆ ಕ್ಯಾಂಬರ್ ಸುಮಾರು ಕಾಲು ಡಿಗ್ರಿ ತಪ್ಪುತ್ತದೆ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡಿ, ತಗ್ಗಾದ ಕಡೆ ತೆಳುವಾದ ಹಲಗೆ ಇಡಿ.

ಕ್ಯಾಸ್ಟರ್‌ಗೆ ಒಂದು ಸುಲಭ ಲೆಕ್ಕ ಇದೆ. ಕ್ಯಾಸ್ಟರ್ ಅಂದರೆ, ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ಯಾವ ಅಚ್ಚಿನ ಮೇಲೆ ತಿರುಗುತ್ತದೋ ಅದು ಪಕ್ಕದಿಂದ ನೋಡಿದಾಗ ಹಿಂದಕ್ಕೋ ಮುಂದಕ್ಕೋ ವಾಲಿರುವುದು. ಚಕ್ರವನ್ನು 20 ಡಿಗ್ರಿ ಹೊರಕ್ಕೆ ತಿರುಗಿಸಿ ಕ್ಯಾಂಬರ್ ನೋಡಿ, 20 ಡಿಗ್ರಿ ಒಳಕ್ಕೆ ತಿರುಗಿಸಿ ಮತ್ತೆ ನೋಡಿ. ಮೇಲಿನ ಭಾಗ ಹೊರಕ್ಕೆ ವಾಲಿದ್ದರೆ ಪ್ಲಸ್, ಒಳಕ್ಕೆ ವಾಲಿದ್ದರೆ ಮೈನಸ್ ಅಂತ ಬರೆದುಕೊಳ್ಳಿ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದು ಒಂದೂವರೆಯಿಂದ ಗುಣಿಸಿದರೆ ಸರಿಸುಮಾರು ಕ್ಯಾಸ್ಟರ್ ಸಿಗುತ್ತದೆ. ಅನೇಕ ಹಳೆಯ ಕಾರುಗಳಲ್ಲಿ ಇದನ್ನು ತಿದ್ದಲು ಆಗುವುದಿಲ್ಲ. ತೀರಾ ತಪ್ಪಿದ್ದರೆ ಸ್ಪ್ರಿಂಗ್ ಕುಸಿದಿದೆಯೇ, ಏನಾದರೂ ಬಾಗಿದೆಯೇ ಹುಡುಕಿ.

ಈಗ ಟೋ ತಿದ್ದೋಣ. ಟೈ ರಾಡ್ ಚಕ್ರಗಳ ಅಚ್ಚಿನ ಹಿಂದೆ ಇದ್ದರೆ, ರಾಡ್ ಉದ್ದ ಮಾಡಿದಾಗ ಟೋ-ಇನ್ ಹೆಚ್ಚುತ್ತದೆ. ಅಚ್ಚಿನ ಮುಂದೆ ಇದ್ದರೆ ಉಲ್ಟಾ. ಲಾಕ್ ನಟ್ ಸಡಿಲಿಸಿ ಕಾಲು ಸುತ್ತು ಮಾತ್ರ ತಿರುಗಿಸಿ. ಎರಡು ಕಡೆ ರಾಡ್ ಇದ್ದರೆ ಎರಡನ್ನೂ ಸಮನಾಗಿ ತಿರುಗಿಸಿ, ಇಲ್ಲದಿದ್ದರೆ ಕಾರು ನೇರ ಹೋಗುವಾಗ ಸ್ಟಿಯರಿಂಗ್ ಓರೆಯಾಗಿ ನಿಲ್ಲುತ್ತದೆ. ಪ್ರತಿ ಸಲ ತಿರುಗಿಸಿದ ಮೇಲೂ ಕಾರನ್ನು ಮುಂದಕ್ಕೆ ತಳ್ಳಿ, ಪಟ್ಟಿಯನ್ನು ಹಿಂದೆ ಇಟ್ಟು ಮೊಳೆ ಕೂಡಿಸಿ, ಮುಂದೆ ತಂದು ಅಳೆಯಿರಿ. ನಿಧಾನದ ಕೆಲಸ ಇದು. ನನಗೆ ಒಂದು ಇಡೀ ಬೆಳಗ್ಗೆ ಬೇಕಾಗುತ್ತದೆ.

ಅಳತೆ ಸರಿ ಬಂತು ಅಂತ ಲಾಕ್ ನಟ್ ಬಿಗಿದು ಎದ್ದುಬಿಡಬೇಡಿ. ನಟ್ ಬಿಗಿಯುವಾಗ ರಾಡ್ ತಾನೂ ಸ್ವಲ್ಪ ತಿರುಗುತ್ತದೆ. ಬಿಗಿದ ಮೇಲೆ ಕಾರನ್ನು ಇನ್ನೊಮ್ಮೆ ಮುಂದಕ್ಕೆ ತಳ್ಳಿ ಕೊನೆಯ ಸಲ ಅಳೆಯಿರಿ. ಆ ಕೊನೆಯ ಸಂಖ್ಯೆಯನ್ನು ದಿನಾಂಕದ ಜೊತೆ ಬರೆದಿಡಿ. ಆರು ತಿಂಗಳ ನಂತರ ಮತ್ತೆ ಅಳೆದಾಗ ಅದು ಬದಲಾಗಿದ್ದರೆ, ರಾಡ್ ಮುಟ್ಟುವ ಮೊದಲು ಕೆಳಗೆ ಮಲಗಿ ಕೀಲುಗಳನ್ನು ಬೆರಳಲ್ಲಿ ಹಿಡಿದು ನೋಡಿ.

ನಮಸ್ಕಾರ.